ಅಕ್ಷರ ಎಣಿಸಿದರೆ ಅರ್ಥವಾದೀತೇ?

ಕಾಸರಗೋಡಿನ ಕನ್ನಡ ಮಾಧ್ಯಮದ ಮಾಸ್ತರುಗಳಾದ ನಮ್ಮ ಬಳಿಗೆ ಹೆತ್ತವರು ಒಮ್ಮೊಮ್ಮೆ ಮೊಬೈಲ್ ಹಿಡಿದು ಬರುವುದುಂಟು. ಮಗನಿಗೋ ಅತ್ತೆಗೋ ಡಾಕ್ಟರು ಹೇಳಿದ ಮನಸ್ಸಿನ ಕಾಯಿಲೆಯ ಹೆಸರನ್ನು ಅದರಲ್ಲಿ ಹುಡುಕಿರುತ್ತಾರೆ. ಮಲಯಾಳದಲ್ಲಿ ಸಿಕ್ಕಿದ್ದನ್ನು ಓದಲು ಬಾರದು. ಕನ್ನಡದಲ್ಲಿ ಸಿಕ್ಕಿದ್ದು ಓದಲು ಬಂದರೂ ತಿಳಿಯದು! ಬರಹ ಸುಲಭವೋ ಕಷ್ಟವೋ ಎಂದು ಅಳೆಯುವ ಕೋಲಿಗೂ ಒಂದು ಚರಿತ್ರೆ ಇದೆ.

ವಿಯೆನ್ನಾದಲ್ಲಿ ಕಾನೂನು ಓದಿ ಅಮೆರಿಕಕ್ಕೆ ಬಂದ ರುಡಾಲ್ಫ್ ಫ್ಲೆಶ್ 1948ರಲ್ಲಿ ಇಂಗ್ಲಿಷಿಗೆ ಒಂದು ಸೂತ್ರ ಕೊಟ್ಟರು. ವಾಕ್ಯಕ್ಕೆ ಎಷ್ಟು ಪದ, ಪದಕ್ಕೆ ಎಷ್ಟು ಉಚ್ಚಾರಾಂಶ ಎಂದು ಲೆಕ್ಕ ಹಾಕಬೇಕು. ಅಂಕ ನೂರರ ಹತ್ತಿರವಿದ್ದರೆ ಸುಲಭ, ಸೊನ್ನೆಯ ಹತ್ತಿರವಿದ್ದರೆ ಕಠಿಣ. 1969ರಲ್ಲಿ ಮೆಕ್‌ಲಾಫ್ಲಿನ್ ‘ಸ್ಮಾಗ್’ ಎಂಬ ಇನ್ನೊಂದನ್ನು ತಂದರು. ಅದರ ಪ್ರಕಾರ ಮೂರು ಉಚ್ಚಾರಾಂಶ ಬಂದರೇ ಅದು ಕಷ್ಟದ ಪದ. ಮಾನಸಿಕ ಆರೋಗ್ಯದ ಇಂಗ್ಲಿಷ್ ಪುಟಗಳನ್ನು ಇಂದಿಗೂ ಹೆಚ್ಚಾಗಿ ಇಂಥವುಗಳಿಂದಲೇ ಅಳೆಯುತ್ತಾರೆ. ಆರನೇ ತರಗತಿಯ ಮಟ್ಟದಲ್ಲಿರಬೇಕು ಎನ್ನುತ್ತಾರೆ, ಬಹಳಷ್ಟು ಪುಟಗಳು ಅದನ್ನು ಮೀರುತ್ತವೆ.

ಇದೇ ಕೋಲನ್ನು ಕನ್ನಡಕ್ಕೆ ಹಿಡಿದರೆ? ಪದಕ್ಕೆ ಸರಾಸರಿ ಮೂರು ಉಚ್ಚಾರಾಂಶ ಬಂದರೆ ಸಾಕು, ಫ್ಲೆಶ್ ಅಂಕ ಸೊನ್ನೆಗಿಂತ ಕೆಳಗಿಳಿಯುತ್ತದೆ. ನಮ್ಮ ಎರಡನೇ ತರಗತಿಯ ಪಾಠವೂ ಫೇಲು! ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುತ್ತವಲ್ಲ. ‘ಮನೆಯವರೊಂದಿಗೆ’ ಎಂಬುದರಲ್ಲಿ ಏಳು ಅಕ್ಷರ, ಆದರೂ ಮಗುವಿಗೂ ಗೊತ್ತು. ‘ಖಿನ್ನತೆ’ ಮೂರೇ ಅಕ್ಷರ, ಮನೆಯ ಅಜ್ಜಿಯನ್ನು ಕೇಳಿ ನೋಡಿ. ‘ಮನಸ್ಸಿಗೆ ಬೇಜಾರು, ಯಾವುದರಲ್ಲೂ ಉಮೇದಿಲ್ಲ’ ಎಂದರೆ ಅವರಿಗೆ ತಟ್ಟನೆ ತಿಳಿಯುತ್ತದೆ. ಇನ್ನು ‘ಛಿದ್ರಮನಸ್ಕತೆ’... ಕಾಯಿಲೆಗಿಂತ ಹೆಸರೇ ಹೆದರಿಸುತ್ತದೆ. ಕಷ್ಟ ಇರುವುದು ಉದ್ದದಲ್ಲಲ್ಲ, ಬಳಕೆಯಲ್ಲಿಲ್ಲದ ಪದಗಳಲ್ಲಿ.

ಇದನ್ನು ಅರಿತವರು ಕನ್ನಡದಲ್ಲಿ ಹಿಂದೆಯೇ ಇದ್ದರು. ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ವೈದ್ಯರು, 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಆರಂಭಿಸಿದವರು. ನಗಿಸಿದ ಅದೇ ಕೈ ಮನಸ್ಸಿನ ಬಗ್ಗೆ ‘ಮನಮಂಥನ’ವನ್ನೂ ಬರೆಯಿತು, ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಸಾಮಾನ್ಯ ಓದುಗರಿಗಾಗಿಯೇ ಸಾಲುಸಾಲಾಗಿ ಪುಸ್ತಕ ಬರೆದರು. ಇವರ ಕನ್ನಡವನ್ನು ಬಿಟ್ಟು ಅಂತರ್ಜಾಲದ ಅನುವಾದಕರು ಪಾರಿಭಾಷಿಕ ಕೋಶವನ್ನೇ ಹಿಡಿದದ್ದು ಏಕೋ!

ಓದುವುದು ಕಷ್ಟವಾದವರು ಕೇಳಿ ತಿಳಿಯಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಅದರ ಭಾಷೆಗಳಲ್ಲಿ ಕನ್ನಡವೂ ಇದೆ.