ಚರ್ಮದ ಹಾಳೆಯೂ ಬೆಳಕಿನ ತಟ್ಟೆಯೂ

ಕಳೆದ ಶ್ರಾವಣದಲ್ಲಿ ಪುಸ್ತಕದ ಕಪಾಟನ್ನು ಒಪ್ಪಮಾಡುತ್ತಿದ್ದಾಗ ಡಬ್ಬಿಯೊಂದರಲ್ಲಿ ಐದೂಕಾಲು ಅಂಗುಲದ ಫ್ಲಾಪಿಗಳು ಸಿಕ್ಕವು. ಈಗ ಬದುಕಿಲ್ಲದ ಮುದುಕಿಯರು ಹೇಳಿದ ಬೀಸುವ ಪದಗಳನ್ನು 1990ರಲ್ಲಿ ಬೆರಳಚ್ಚು ಮಾಡಿಸಿ ಅವುಗಳಲ್ಲಿ ಇಡಿಸಿದ್ದೆ. ಬರೆದುಕೊಂಡ ನೋಟುಪುಸ್ತಕಗಳು ಗೆದ್ದಲಿನ ಪಾಲಾದವು. ಫ್ಲಾಪಿಗಳೇನೋ ಹೊಸದರಂತೆಯೇ ಇವೆ. ಓದುವ ಯಂತ್ರ ಮಾತ್ರ ನಮ್ಮೂರಿನ ಯಾವ ಅಂಗಡಿಯಲ್ಲಿಯೂ ಇಲ್ಲ. ಅಂದು ನೆನಪಾದದ್ದು ಇಂಗ್ಲೆಂಡಿನ ಡೂಮ್ಸ್‌ಡೇ ಗ್ರಂಥದ ವೃತ್ತಾಂತ.

1085ರ ಕ್ರಿಸ್ಮಸ್ ಸಮಯದಲ್ಲಿ ದೊರೆ ಮೊದಲನೆಯ ವಿಲಿಯಂ ತನ್ನ ರಾಜ್ಯದ ಭೂಮಿ, ನೇಗಿಲು, ಗಿರಣಿಗಳ ಲೆಕ್ಕ ತೆಗೆಯುವಂತೆ ಆಜ್ಞಾಪಿಸಿದ. ಮರುವರ್ಷ ನಡೆದ ಆ ಗಣತಿಯನ್ನು ಕುರಿಯ ಚರ್ಮದ ಹಾಳೆಗಳ ಮೇಲೆ ಲ್ಯಾಟಿನ್ನಿನಲ್ಲಿ ಬರೆದಿಟ್ಟರು. ಭಾಷೆ ಬಲ್ಲವನಿಗೆ ಅದು ಇಂದಿಗೂ ಓದಲು ಬರುತ್ತದೆ. ಆದರೆ ಚರ್ಮದ ಗಟ್ಟಿತನವೊಂದನ್ನೇ ನಂಬಿ ಯಾರೂ ಸುಮ್ಮನೆ ಕುಳಿತಿರಲಿಲ್ಲ. 1783ರಲ್ಲಿ ಅದನ್ನು ಅಚ್ಚು ಹಾಕಿಸಿದರು. 1860ರ ದಶಕದಲ್ಲಿ ಛಾಯಾಪ್ರತಿ ತೆಗೆಸಿದರು. ಎರಡನೆಯ ಮಹಾಯುದ್ಧ ಬಂದಾಗ ಮೂಲವನ್ನು ಲಂಡನ್ನಿನಿಂದ ಸಾಮರ್‌ಸೆಟ್ ಪ್ರಾಂತದ ಷೆಪ್ಟನ್ ಮ್ಯಾಲೆಟ್ ಸೆರೆಮನೆಗೆ ಸಾಗಿಸಿದರು. ರಾಜನ ಗ್ರಂಥ ಕಾರಾಗೃಹವಾಸದಿಂದ ಬದುಕಿಕೊಂಡಿತೆನ್ನಿ!

ಗ್ರಂಥಕ್ಕೆ ಒಂಬೈನೂರು ವರ್ಷ ತುಂಬಿದ 1986ರಲ್ಲಿ ಬಿ.ಬಿ.ಸಿ. ಸಂಸ್ಥೆಯು ಹೊಸದೊಂದು ಡೂಮ್ಸ್‌ಡೇಯನ್ನು ಸಿದ್ಧಪಡಿಸಿತು. ಹತ್ತು ಲಕ್ಷಕ್ಕೂ ಮಿಕ್ಕ ಜನ, ಅವರಲ್ಲಿ ಬಹುಮಂದಿ ಶಾಲಾಮಕ್ಕಳು, ತಮ್ಮ ಊರಿನ ವಿವರ ಬರೆದು ಕಳುಹಿಸಿದರು. ಅದೆಲ್ಲ ಎರಡು ಲೇಸರ್ ತಟ್ಟೆಗಳಲ್ಲಿ ಅಡಕವಾಯಿತು. ಓದುವ ಸಲಕರಣೆಗೆ ಐದು ಸಾವಿರ ಪೌಂಡಿನಷ್ಟು ಬೆಲೆ. ಬರೆದ ಮಕ್ಕಳ ಶಾಲೆಗಳೇ ಕೊಳ್ಳಲಾರದೆ ಹೋದವು. ಹದಿನಾರು ವರ್ಷ ಕಳೆಯುವುದರೊಳಗೆ ಆ ಯಂತ್ರಗಳು ಅಪೂರ್ವವಸ್ತುಗಳಾದವು. 2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ವಿದ್ವಾಂಸರು ಹೊಸ ಕಂಪ್ಯೂಟರಿಗೆ ಹಳೆಯದರ ವೇಷ ಹಾಕಿಸಿ ತಟ್ಟೆಯನ್ನು ಓದಿಸಿದರು. ಇದಕ್ಕಿಂತ ಸ್ವಾರಸ್ಯವಾದುದು ಮತ್ತೊಂದು: ತಟ್ಟೆಗೆ ಮೂಲವಾಗಿದ್ದ ಒಂದಂಗುಲದ ವಿಡಿಯೋ ಟೇಪುಗಳು ಬೇರೆಡೆ ಉಳಿದಿದ್ದವು. ಅವುಗಳಿಂದ ತೆಗೆದ ಚಿತ್ರಗಳು ತಟ್ಟೆಯ ಚಿತ್ರಗಳಿಗಿಂತ ಸ್ಪಷ್ಟವಾಗಿ ಬಂದವು. 2011ರಲ್ಲಿ ಅದನ್ನೆಲ್ಲ ಅಂತರಜಾಲಕ್ಕೆ ಏರಿಸಿದರು. 2018ರಲ್ಲಿ ಆ ತಾಣವನ್ನೂ ಮುಚ್ಚಿದರು. ಅದರ ಪ್ರತಿ ಈಗ ಬ್ರಿಟನ್ನಿನ ರಾಷ್ಟ್ರೀಯ ದಾಖಲಾಗಾರದಲ್ಲಿದೆ.

ಬಹುಕಾಲ ಬಾಳುವ ಡ್ರೈವ್ ಯಾವುದೆಂದು ನನ್ನ ಸೋದರಳಿಯನನ್ನು ಕೇಳಿದೆ. ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಗಳಿವೆ, ವರ್ಷಗಟ್ಟಲೆ ಸುಮ್ಮನಿಟ್ಟರೆ ಜಡಗಟ್ಟಬಹುದು. ಎಸ್‌ಎಸ್‌ಡಿಯಲ್ಲಿ ಅಕ್ಷರವೆಂದರೆ ವಿದ್ಯುದಂಶ, ವಿದ್ಯುತ್ತಿಲ್ಲದೆ ಬಹಳ ಕಾಲ ಇಟ್ಟರೆ ಸೋರಿಹೋಗಬಹುದು ಎಂದ. ಕಾಂತೀಯ ಟೇಪು ಮೂವತ್ತು ವರ್ಷ ಬಾಳುತ್ತದೆಂದು ತಯಾರಕರು ಹೇಳುತ್ತಾರಂತೆ. ಆದರೆ 2000ದಲ್ಲಿ ಬಂದ ಎಲ್‌ಟಿಓ ಟೇಪಿನ ಏಳನೆಯ ಪೀಳಿಗೆಯ ಯಂತ್ರ ಹಿಂದಿನ ಎರಡು ಪೀಳಿಗೆಗಳನ್ನು ಓದುತ್ತಿದ್ದರೆ, ಎಂಟನೆಯದು ಹಿಂದಿನ ಒಂದನ್ನು ಮಾತ್ರ ಓದುತ್ತದೆ. ಟೇಪು ಚಿರಾಯುವಾದರೇನು, ಮುತ್ತಜ್ಜನ ಮಾತು ಮರಿಮಗನಿಗೆ ತಿಳಿಯಬೇಡವೆ? ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಖ್ಯಾತಳಾದ ಅತ್ತಿಮಬ್ಬೆ, ಯಾವ ತಾಳೆಗರಿ ಹೆಚ್ಚು ಬಾಳೀತೆಂದು ಯೋಚಿಸುತ್ತ ಕೂರಲಿಲ್ಲ.

ಕೊನೆಗೆ ಬೇರೆ ಬೇರೆ ತಯಾರಕರ ಎರಡು ಹಾರ್ಡ್ ಡಿಸ್ಕುಗಳನ್ನು ಕೊಂಡಿದ್ದೇನೆ. ಒಂದು ಇಲ್ಲಿ, ಇನ್ನೊಂದು ಧಾರವಾಡದ ಮಗಳ ಮನೆಯಲ್ಲಿ. ಪ್ರತಿವರ್ಷ ಆಯುಧಪೂಜೆಯ ದಿನ ಎರಡನ್ನೂ ತೆರೆದು ನೋಡಬೇಕು, ಐದು ವರ್ಷಕ್ಕೊಮ್ಮೆ ಹೊಸದಕ್ಕೆ ಪ್ರತಿ ಮಾಡಬೇಕು ಎಂದು ಗೊತ್ತುಮಾಡಿಕೊಂಡಿದ್ದೇವೆ. ಸದ್ಯಕ್ಕೆ ಅವುಗಳಲ್ಲಿ ಬೀಸುವ ಪದಗಳಿಲ್ಲ. ಹಳೆಯ ಫ್ಲಾಪಿ ಓದುವ ಯಂತ್ರವೊಂದು ಬೆಂಗಳೂರಿನ ಮಿತ್ರರೊಬ್ಬರಲ್ಲಿದೆಯಂತೆ. ಡಬ್ಬಿಯನ್ನು ಅವರಿಗೆ ಕಳುಹಿಸಿ ಕಾಯುತ್ತಿದ್ದೇನೆ.