ಅವಸರದ ಮೌಲ್ಯಮಾಪನ

ಮದ್ಯದ ಲೋಟವನ್ನೇ ಮುಟ್ಟದ ಮೇಷ್ಟರು ವೈನ್ ಕುರಿತು ಬರೆಯಲು ಕುಳಿತರೇ ಎಂದು ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಹುಬ್ಬೇರಿಸಬಹುದು. ಮೂವತ್ತು ವರ್ಷಕಾಲ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ, ಮ್ಯಾಕ್ಸ್ ಶೂಬರ್ಟ್ ಎಂಬ ಆಸ್ಟ್ರೇಲಿಯಾದ ವೈನ್ ತಯಾರಕರ ಕಥೆ ಓದಿದಾಗ ಮನಸ್ಸು ಚುರುಕ್ಕೆಂದಿತು. ಅದಕ್ಕಾಗಿ ಈ ಬರಹ.

ಶಿರಾಜ್ ಎಂಬುದು ಕಪ್ಪು ದ್ರಾಕ್ಷಿಯ ಒಂದು ತಳಿ. ಫ್ರಾನ್ಸಿನಲ್ಲಿ ಇದಕ್ಕೆ ಸಿರಾ ಎಂದು ಹೆಸರು. ಪರ್ಷಿಯಾದ ಶಿರಾಜ್ ನಗರದಿಂದ ಬಂದುದೆಂಬ ಪ್ರತೀತಿ ಬಹುಕಾಲ ಇದ್ದಿತಾದರೂ, ಇದು ಫ್ರಾನ್ಸಿನದೇ ಎರಡು ತಳಿಗಳ ಸಂತಾನವೆಂದು ಡಿಎನ್ಎ ಪರೀಕ್ಷೆಗಳು ತೋರಿಸಿಕೊಟ್ಟಿವೆ. ಇದರಿಂದ ತಯಾರಾದ ಮೈತುಂಬಿದ ವೈನ್, ಎಳೆಯದಿರುವಾಗ ಶಾಯಿಯಂತೆ ಕಡುನೇರಳೆ. ಮೂಗಿಗೆ ಕಪ್ಪು ಹಣ್ಣುಗಳ ಗಂಧ, ಅದರ ಹಿಂದೆಯೇ ಕಾಳುಮೆಣಸಿನ ಘಾಟು. ಕಾಳುಮೆಣಸಿನಲ್ಲಿರುವ ರೊಟುಂಡೋನ್ ಎಂಬ ರಾಸಾಯನಿಕವೇ ಈ ಘಾಟಿಗೂ ಕಾರಣವೆಂದು 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಪ್ರಕಟಿಸಿದರು. ಬಾಯಿಗಿಟ್ಟರೆ ಹಸಿ ಅಡಿಕೆ ಜಗಿದಂತೆ ನಾಲಿಗೆ ಹಿಡಿಯುವ ಒಗರು. ದ್ರಾಕ್ಷಿಯ ಸಿಪ್ಪೆ, ಬೀಜ ಹಾಗೂ ಓಕ್ ಮರದ ಪೀಪಾಯಿಗಳಿಂದ ಬರುವ ಟ್ಯಾನಿನ್ ಇದರ ಮೂಲ. ವರ್ಷಗಳುರುಳಿದಂತೆ ಒಗರು ಮೃದುವಾಗುತ್ತದೆ, ಬಣ್ಣ ಇಟ್ಟಿಗೆಗೆಂಪಿಗೆ ತಿರುಗುತ್ತದೆ. ಆದುದರಿಂದ ಬಲ್ಲವರು ಎಳೆಯ ಶಿರಾಜ್‌ನ ಒಗರಿಗಾಗಿ ಅಂಕ ಕಳೆಯುವುದಿಲ್ಲ. ಆ ಒಗರನ್ನು ಹೊರಬಲ್ಲಷ್ಟು ಹಣ್ಣಿನ ಸತ್ವವಿದೆಯೇ, ಹುಳಿ ಹದವಾಗಿದೆಯೇ, ನುಂಗಿದ ಮೇಲೂ ರುಚಿ ನಿಲ್ಲುವುದೇ ಎಂದು ನೋಡುತ್ತಾರೆ.

ಶೂಬರ್ಟ್ 1931ರಲ್ಲಿ ಪೆನ್‌ಫೋಲ್ಡ್ಸ್ ಸಂಸ್ಥೆಗೆ ಓಲೆ ತಲುಪಿಸುವ ಹುಡುಗನಾಗಿ ಸೇರಿ, 1948ರಲ್ಲಿ ಅದರ ಮುಖ್ಯ ವೈನ್ ತಯಾರಕರಾದರು. 1950ರಲ್ಲಿ ಯುರೋಪಿಗೆ ಹೋದಾಗ ಫ್ರಾನ್ಸಿನ ಬೋರ್ಡೋದಲ್ಲಿ, ನಲವತ್ತು ಐವತ್ತು ವರ್ಷ ಕಳೆದರೂ ಕಳೆಗುಂದದ ವೈನ್‌ಗಳ ರುಚಿ ನೋಡಿದರು. ಅಂಥದನ್ನು ತಮ್ಮ ನಾಡಿನ ಶಿರಾಜ್‌ನಿಂದ ಮಾಡಬೇಕೆಂದು 1951ರಲ್ಲಿ ಅಡಿಲೇಡ್ ಬಳಿಯ ಮಗಿಲ್‌ನಲ್ಲಿ ಪ್ರಯೋಗ ಆರಂಭಿಸಿದರು. ಅದೇ ಮುಂದೆ ಜಗತ್ಪ್ರಸಿದ್ಧವಾದ ಗ್ರೇಂಜ್. ಸಿಡ್ನಿಯಲ್ಲಿ ಸಂಸ್ಥೆಯ ಹಿರಿಯರ ಮುಂದೆ ಅದನ್ನು ಇಟ್ಟಾಗ ಮೆಚ್ಚಿದವರು ಇಲ್ಲವೆನ್ನುವಷ್ಟು ವಿರಳ. ಇರುವೆಗಳನ್ನು ಅರೆದು ಹಾಕಿದಂತಿದೆ ಎಂದು ಆ ದಿನಗಳಲ್ಲಿ ಒಬ್ಬರು ಹಂಗಿಸಿದ್ದೂ ಉಂಟು. 1957ರಲ್ಲಿ ತಯಾರಿಕೆ ನಿಲ್ಲಿಸಬೇಕೆಂದು ಆಜ್ಞೆಯಾಯಿತು. ಶೂಬರ್ಟ್ ಮಾತ್ರ 1957, 1958, 1959ರ ವೈನ್‌ಗಳನ್ನು, ಹೊಸ ಪೀಪಾಯಿಗಳಿಗೆ ಹಣವಿಲ್ಲದಿದ್ದರೂ, ಗುಟ್ಟಾಗಿ ತಯಾರಿಸಿ ನೆಲಮಾಳಿಗೆಯಲ್ಲಿ ಅಡಗಿಸಿಟ್ಟರು. ಅಷ್ಟರಲ್ಲಿ ಮೊದಲ ವರ್ಷಗಳ ಸೀಸೆಗಳು ಮಾಗಿದ್ದವು. 1960ರಲ್ಲಿ ಸಂಸ್ಥೆ ತನ್ನ ಆಜ್ಞೆಯನ್ನು ಹಿಂತೆಗೆದುಕೊಂಡಿತು. 1955ರ ಗ್ರೇಂಜ್ 1962ರ ಸಿಡ್ನಿ ಸ್ಪರ್ಧೆಯಲ್ಲಿ ಚಿನ್ನದ ಪದಕ ಗಳಿಸಿತು.

ಇದನ್ನು ಓದಿದ ರಾತ್ರಿ ನನಗೆ ಬೇಗನೆ ನಿದ್ದೆ ಬರಲಿಲ್ಲ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ನೆನಪಾದ. ಒರಟು ಸ್ವಭಾವ, ಎದುರುಮಾತು, ಪಾಠದ ನಡುವೆ ಎದ್ದುನಿಂತು ಪ್ರಶ್ನೆ. "ಇವನ ತಲೆಗೆ ವಿದ್ಯೆ ಹತ್ತದು, ಅಂಗಡಿಯಲ್ಲಿ ಕೂರಿಸಿ" ಎಂದು ಅವನ ತಂದೆಗೆ ಹೇಳಿದವನು ನಾನೇ. ಮೇಷ್ಟರ ಮಾತೆಂದು ಅವರು ನಂಬಿದರು. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಅವನು ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಒಂದೆರಡಕ್ಕೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ.

ಶೂಬರ್ಟ್ ತಮ್ಮ ಪೀಪಾಯಿಗಳನ್ನು ಕಾಯ್ದುಕೊಂಡರು. ಆ ಹುಡುಗನನ್ನು ಕಾಯಬೇಕಾಗಿದ್ದವನು ನಾನು. ನಿಮ್ಮಲ್ಲಿ ಹಲವರು ಈಗ ಅಧ್ಯಾಪಕರು, ಬಹುತೇಕರು ತಾಯಿತಂದೆಯರು. ಒಗರಿಗಾಗಿ ಅಂಕ ಕಳೆಯುವ ಮುನ್ನ ನಿಮ್ಮ ಮೇಷ್ಟರ ಈ ತಪ್ಪನ್ನು ಒಮ್ಮೆ ನೆನೆಯಿರಿ.