ಉದ್ಯೋಗತ್ಯಾಗದ ಕಾರಣನಿರೂಪಣೆ: ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕುಗಳನ್ನು ಕುರಿತ ಒಂದು ವಿಚಾರ

ತುಮಕೂರು ಜಿಲ್ಲೆಯ ಉತ್ತರಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕಂದಾಯಾಡಳಿತದಲ್ಲಿ ಒಂದೇ ಉಪವಿಭಾಗವಾಗಿ ಮಧುಗಿರಿಯ ಉಪವಿಭಾಗಾಧಿಕಾರಿಯ ಅಧೀನದಲ್ಲಿವೆ. ಮುಗಿಲನ್ನು ನಂಬಿ ಕಡಲೆಕಾಯಿ ಬಿತ್ತುವ, ಮಳೆ ಹಿಂಜರಿದ ವರ್ಷ ಬೆಂಗಳೂರಿನ ದಾರಿ ಹಿಡಿಯುವ ಈ ಒಣಸೀಮೆಯಿಂದ ಹೊರಟ ತರುಣ ತರುಣಿಯರು ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಾಗಲಿ, ಪೀಣ್ಯದಲ್ಲಾಗಲಿ, ದೊಡ್ಡಬಳ್ಳಾಪುರದ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಾಗಲಿ ಸಂದರ್ಶನಕ್ಕೆ ಕುಳಿತಾಗ, ಅವರ ಊರು, ವಿದ್ಯಾಭ್ಯಾಸ, ಅನುಭವಗಳನ್ನು ವಿಚಾರಿಸಿಕೊಂಡ ಬಳಿಕ ತಪ್ಪದೆ ಬರುವ ಪ್ರಶ್ನೆಯೊಂದುಂಟು: 'ಹಿಂದಿನ ಕೆಲಸ ಯಾಕೆ ಬಿಟ್ರಿ?' ಅದಕ್ಕೆ ಹೇಗೆ ಉತ್ತರಿಸಬೇಕೆಂದು ಕಲಿಸುವ ತರಬೇತಿಗಳು ಹಲವಿವೆ. ಉತ್ತರಿಸುವ ಭಾರವು ನ್ಯಾಯವಾಗಿ ಯಾರ ಹೆಗಲಿನದೆಂಬ ವಿಚಾರಕ್ಕೆ ಮಾತ್ರ ಅಂಥ ಗಮನ ದೊರೆತಿಲ್ಲ. ಈ ಭಾರವು ಇದೇ ಸೀಮೆಯಲ್ಲಿ ಒಮ್ಮೆ ಕಾನೂನಿನ ಬಲದಿಂದ ಒಡೆಯನ ಮೇಲಕ್ಕೆ ವರ್ಗವಾಗಿದ್ದಿತೆಂಬುದನ್ನೂ, ಸಂದರ್ಶನದ ಕೊಠಡಿಯಲ್ಲಿ ಅದು ಮರಳಿ ಕೆಲಸಗಾರನ ಮೇಲೆಯೇ ಬಂದು ಕುಳಿತಿರುವುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮನುಷ್ಯನು ತನ್ನ ನಡತೆಗೆ ಹೇಳುವ ಕಾರಣವು ಅಂತರಂಗದಿಂದ ನೇರವಾಗಿ ಹೊರಬಂದ ವಸ್ತುವಲ್ಲ, ಪ್ರಶ್ನಿಸುವವನ ಎದುರಿನಲ್ಲಿ ಅವನು ಒಪ್ಪಬಹುದಾದ ಮಾತುಗಳಿಂದ ರಚಿತವಾಗುವಂಥದು ಎಂದು ಅಮೆರಿಕೆಯ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1940ರಲ್ಲಿಯೇ ಪ್ರತಿಪಾದಿಸಿದನು. 1968ರಲ್ಲಿ ಮಾರ್ವಿನ್ ಸ್ಕಾಟ್ ಮತ್ತು ಸ್ಟ್ಯಾನ್‌ಫರ್ಡ್ ಲೈಮನ್ ಎಂಬ ವಿದ್ವಾಂಸರು ಇಂಥ ವಿವರಣೆಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು: ನಡೆದುದು ತಪ್ಪೆಂದು ಒಪ್ಪಿ ಹೊಣೆಯನ್ನು ಪೂರ್ಣವಾಗಿ ಹೊರಲೊಲ್ಲದ ನೆಪ ಒಂದು, ಹೊಣೆಯನ್ನು ಒಪ್ಪಿ ನಡೆದುದು ತಪ್ಪಲ್ಲವೆಂದು ಸಾಧಿಸುವ ಸಮರ್ಥನೆ ಇನ್ನೊಂದು. ನಮ್ಮ ಕಡೆಯ ಅಭ್ಯರ್ಥಿಗಳು ಬಹುಮಟ್ಟಿಗೆ ಮೊದಲನೆಯದಕ್ಕೆ ಶರಣಾಗುತ್ತಾರೆ. 'ಮನೆ ಕಡೆ ಸ್ವಲ್ಪ ತೊಂದ್ರೆ ಇತ್ತು ಸಾರ್' ಎಂದು ತಲೆ ತಗ್ಗಿಸಿ ಹೇಳುವಲ್ಲಿ, ಕೆಲಸ ಬಿಡುವುದೇ ಒಂದು ಅಪರಾಧವೆಂಬ ಭಾವನೆಯನ್ನು ಅವರು ಪ್ರಶ್ನೆಯೊಡನೆಯೇ ಒಪ್ಪಿಕೊಂಡುಬಿಟ್ಟಿರುತ್ತಾರೆ. ಈ ಭಾವನೆಗೆ ದೀರ್ಘವಾದ ಚರಿತ್ರೆಯುಂಟು.

ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಶೋಧಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ, ಕೂಲಿ ಪಡೆದು ಕೆಲಸ ಮಾಡದವನಿಗೆ ಹನ್ನೆರಡು ಪಣಗಳ ದಂಡವನ್ನು ವಿಧಿಸಲಾಗಿದೆ. ಆದರೆ ಅಲ್ಲಿಯೇ, ಅಶಕ್ತನಾದವನಿಗೂ, ಕೆಲಸವು ಕುತ್ಸಿತವಾಗಿದ್ದವನಿಗೂ, ವ್ಯಾಧಿಗೋ ಆಪತ್ತಿಗೋ ಸಿಲುಕಿದವನಿಗೂ ಒಪ್ಪಂದದಿಂದ ಹಿಂದೆ ಸರಿಯುವ ಅವಕಾಶವನ್ನು ಶಾಸ್ತ್ರಕಾರನು ಕಲ್ಪಿಸಿದ್ದಾನೆ. ದಂಡನೀತಿಯ ಕಠೋರತೆಗೆ ಹೆಸರಾದ ಗ್ರಂಥವೊಂದು ಬಿಡುವವನ ಪಕ್ಷದ ಕಾರಣಗಳನ್ನು ಮೊದಲೇ ಹೆಸರಿಸಿ ಮಾನ್ಯಮಾಡಿರುವುದು ಗಮನಾರ್ಹ. ವಿಶೇಷತಃ ಕೆಲಸದ ಹೀನತೆಯನ್ನೇ ಸಾಕಷ್ಟು ಕಾರಣವೆಂದು ಎಣಿಸಿದುದು ನನಗೆ ಬಹು ದೊಡ್ಡ ಮಾತಾಗಿ ತೋರುತ್ತದೆ. ಇದಕ್ಕೆ ಪ್ರತಿಯಾಗಿ ಬ್ರಿಟಿಷ್ ಇಂಡಿಯಾದ 1859ರ 13ನೆಯ ಕಾಯಿದೆಯು, ಮುಂಗಡ ಪಡೆದ ಕೆಲಸಗಾರನು ಕೆಲಸ ಬಿಟ್ಟರೆ ಧಣಿಯು ಮ್ಯಾಜಿಸ್ಟ್ರೇಟನಲ್ಲಿ ದೂರು ಕೊಡಬಹುದೆಂದೂ, ಅವನ ಆಜ್ಞೆಯಂತೆ ಹಣ ಹಿಂದಿರುಗಿಸದೆ, ಕೆಲಸವನ್ನೂ ಪೂರೈಸದೆ ಹೋದವನಿಗೆ ಮೂರು ತಿಂಗಳವರೆಗೆ ಸೆರೆವಾಸವೆಂದೂ ವಿಧಿಸಿತು. ಧಣಿಯು ಒಪ್ಪಂದ ಮುರಿದರೆ ಅದು ಬರಿಯ ದಿವಾಣಿ ವ್ಯಾಜ್ಯ. ಆಳು ಮುರಿದರೆ ಫೌಜುದಾರಿ. 1925ರಲ್ಲಿ ಶಾಸನಸಭೆಯು ಇದನ್ನು ರದ್ದುಪಡಿಸಿತು.

ಈ ನಾಲ್ಕು ತಾಲ್ಲೂಕುಗಳಲ್ಲಿ ಒಡೆಯನನ್ನು ಬಿಡುವ ಪ್ರಶ್ನೆ ಹುಟ್ಟಿದುದು ಕಾರ್ಖಾನೆಯಲ್ಲಲ್ಲ, ಹೊಲದಲ್ಲಿ ಮತ್ತು ದನದ ಕೊಟ್ಟಿಗೆಯಲ್ಲಿ. ಮದುವೆಗೋ ಕಾಯಿಲೆಗೋ ಬರಗಾಲದ ಹೊಟ್ಟೆಗೋ ತಂದೆ ತಂದ ಮುಂಗಡಕ್ಕೆ ಮಗನು ಉಗಾದಿಯಿಂದ ಉಗಾದಿಗೆ ಸಂಬಳಕ್ಕಿರುವುದು, ಬಡ್ಡಿಯೂ ಹೊಸ ಸಾಲವೂ ಕೂಡಿ ವರ್ಷದ ಕೊನೆಗೆ ಲೆಕ್ಕ ತೀರದೆ ಮತ್ತೊಂದು ವರ್ಷ ಮುಂದುವರಿಯುವುದು, ಲೆಕ್ಕದ ಪುಸ್ತಕವು ಓದಬಲ್ಲ ಧಣಿಯ ಕೈಯಲ್ಲಿಯೇ ಉಳಿಯುವುದು: ಇದು ಬಹುಪಾಲು ಪರಿಶಿಷ್ಟ ಜಾತಿಗಳ ಭೂಹೀನ ಕುಟುಂಬಗಳು ಅನುಭವಿಸಿದ ಜೀತದ ಸ್ವರೂಪ. 'ಲೆಕ್ಕ ಮುಗಿಸಿ ಹೋಗು' ಎಂಬ ಧಣಿಯ ಮಾತಿನ ಮುಂದೆ ಆಳಿನ ಯಾವ ಕಾರಣವೂ ನಿಲ್ಲುತ್ತಿರಲಿಲ್ಲ. 1976ರ ಜೀತ ಪದ್ಧತಿ ರದ್ದಿಯಾತಿ ಕಾಯಿದೆಯು 25 ಅಕ್ಟೋಬರ್ 1975ರಿಂದಲೇ ಅನ್ವಯವಾಗುವಂತೆ ಜಾರಿಗೆ ಬಂದು ಜೀತದ ಸಾಲವನ್ನು ಸಮೂಲವಾಗಿ ಅಳಿಸಿಹಾಕಿತು. ಬಲಾತ್ಕಾರವಾಗಿ ಜೀತ ಮಾಡಿಸುವವನಿಗೆ ಮೂರು ವರ್ಷಗಳವರೆಗಿನ ಸೆರೆಯ ಶಿಕ್ಷೆಯೂ ಅದರಲ್ಲಿ ಉಂಟು. ನಮ್ಮ ವಿಚಾರಕ್ಕೆ ಮುಖ್ಯವಾದುದು ಅದರ 15ನೆಯ ಪ್ರಕರಣ. ಇದು ಜೀತದ ಸಾಲವೆಂದು ಆಳಾಗಲಿ ಜಾಗೃತಿ ಸಮಿತಿಯಾಗಲಿ ಹೇಳಿದೊಡನೆ, ಅಲ್ಲವೆಂದು ರುಜುವಾತುಪಡಿಸುವ ಭಾರವು ಸಾಲ ಕೊಟ್ಟವನದಾಗುತ್ತದೆ. ಅಂಥ ಜಾಗೃತಿ ಸಮಿತಿಯು ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಇರತಕ್ಕುದೆಂದು ಕಾಯಿದೆಯ ವಿಧಿ; ಉಪವಿಭಾಗದ ಸಮಿತಿಗೆ ಅಲ್ಲಿನ ದಂಡಾಧಿಕಾರಿ ಅಥವಾ ಆತನು ನಾಮಕರಣ ಮಾಡಿದವನು ಅಧ್ಯಕ್ಷ. ಹೀಗೆ ಮಧುಗಿರಿಯ ಕಚೇರಿಯು, ಶಿರಾದಿಂದ ಪಾವಗಡದವರೆಗಿನ ಆಳೊಬ್ಬನು ಒಡೆಯನನ್ನು ಕುರಿತು ಅಧಿಕಾರದ ಮುಂದೆ ಮಾತನಾಡಬಹುದಾದ ಸ್ಥಾನವಾಯಿತು. ಅಲ್ಲಿ 'ಏಕೆ ಬಿಟ್ಟೆ?' ಎಂಬ ಪ್ರಶ್ನೆಗೆ ಎಡೆಯೇ ಇಲ್ಲ, 'ಏಕೆ ಬಿಡಲಾಗಲಿಲ್ಲ?' ಎಂಬುದೇ ವಿಚಾರಣೆಯ ವಸ್ತು, ಏಕೆಂದರೆ ಬೇರೆ ಕೆಲಸ ಹಿಡಿಯುವ ಸ್ವಾತಂತ್ರ್ಯವನ್ನು ಕಳೆದುಕೊಂಡಿರುವುದೇ ಜೀತದ ಲಕ್ಷಣಗಳಲ್ಲೊಂದೆಂದು ಕಾಯಿದೆ ಹೇಳುತ್ತದೆ.

ಸರ್ವೋಚ್ಚ ನ್ಯಾಯಾಲಯವು ಈ ತತ್ತ್ವವನ್ನು ಇನ್ನಷ್ಟು ವಿಸ್ತರಿಸಿತು. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರನ್ನು ಕುರಿತ 1982ರ ತೀರ್ಪಿನಲ್ಲಿ, ಹಸಿವಿನ ಒತ್ತಡದಿಂದ ಕನಿಷ್ಠ ವೇತನಕ್ಕಿಂತ ಕಡಮೆ ಕೂಲಿಗೆ ದುಡಿಯುವುದೂ ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲಾತ್ಕಾರದ ದುಡಿಮೆಯೇ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ನಿರ್ಣಯಿಸಿದರು. ಜೀತವಿಮುಕ್ತಿಯ ಸಂಘಟನೆಯಾದ ಬಂಧುವಾ ಮುಕ್ತಿ ಮೋರ್ಚಾದ ಪ್ರಕರಣದಲ್ಲಿ, ಬಲಾತ್ಕಾರದ ದುಡಿಮೆ ಕಂಡುಬಂದಲ್ಲಿ ಅದರ ಹಿಂದೆ ಮುಂಗಡವಿದ್ದಿತೆಂದು ಭಾವಿಸಿಕೊಳ್ಳತಕ್ಕುದೆಂದು ಹೇಳಿ, ನಿರಕ್ಷರಿಯಾದ ಆಳಿನಿಂದ ದಾಖಲೆ ಕೇಳುವ ಕ್ರೌರ್ಯವನ್ನು ನ್ಯಾಯಾಲಯ ತಡೆಯಿತು. ದುರ್ಬಲನಾದವನನ್ನು ಕಾರಣಕ್ಕಾಗಿ ಪೀಡಿಸಕೂಡದೆಂಬ ವಿವೇಕವು ನಮ್ಮ ನ್ಯಾಯಪದ್ಧತಿಯ ಶ್ರೇಷ್ಠ ಸಾಧನೆಗಳಲ್ಲೊಂದೆಂದು ನಾನು ಬಗೆಯುತ್ತೇನೆ.

ಆಧುನಿಕ ಸಂದರ್ಶನವು ಜೀತವಲ್ಲ. ಅವೆರಡನ್ನೂ ಸಮೀಕರಿಸುವುದು ಜೀತದಿಂದ ನೊಂದವರಿಗೆ ಮಾಡುವ ಅನ್ಯಾಯವಾದೀತು. ಕಾರ್ಖಾನೆಯ ಕೆಲಸಗಾರನು ಬಿಡಬಲ್ಲನು, ಬಿಡುತ್ತಾನೆ. ಆದರೆ ಬಿಟ್ಟ ಮೇಲೆ ರಿಲೀವಿಂಗ್ ಲೆಟರ್ ಉಂಟೇ, ನೋಟಿಸ್ ಅವಧಿ ಮುಗಿಸಿದೆಯೇ, ನಡುವಣ ತಿಂಗಳುಗಳಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳುವಾಗ, ಹಳೆಯ ಮಾಲೀಕನ ಒಪ್ಪಿಗೆಯೇ ಹೊಸ ಕೆಲಸದ ಹೊಸ್ತಿಲಾಗಿಬಿಡುತ್ತದೆ. ಈ ಪ್ರಶ್ನೆಗಳಿಗೆ ನಿಜವಾದ ಉತ್ತರಗಳು ಹೇಳಲು ಕಷ್ಟವಾದಂಥವು. ಸಿದ್ಧ ಉಡುಪಿನ ಕಾರ್ಖಾನೆಗಳ ಹೆಣ್ಣುಮಕ್ಕಳ ಉದಾಹರಣೆಯನ್ನೇ ನೋಡೋಣ. ಮಗಳ ಮದುವೆಗೆ, ಕೈಸಾಲ ತೀರಿಸುವುದಕ್ಕೆ, ಆಸ್ಪತ್ರೆಯ ಖರ್ಚಿಗೆ ಅವರ ಕೈಗೆಟಕುವ ದೊಡ್ಡ ಮೊತ್ತವೆಂದರೆ ಭವಿಷ್ಯನಿಧಿ, ಅಂದರೆ ಪಿ.ಎಫ್.; ಅದನ್ನು ಪೂರ್ತಿಯಾಗಿ ತೆಗೆಯಬೇಕಾದರೆ ಕೆಲಸ ಬಿಟ್ಟು ಎರಡು ತಿಂಗಳು ಕೆಲಸವಿಲ್ಲದೆ ಇರಬೇಕೆಂಬುದು 2016ರಲ್ಲಿದ್ದ ನಿಯಮ. ಮಾಲೀಕನ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೂ ತೆಗೆಯಕೂಡದೆಂದು ಕೇಂದ್ರ ಸರ್ಕಾರವು 2016ರ ಫೆಬ್ರುವರಿಯಲ್ಲಿ ಹೊರಡಿಸಿದ ಅಧಿಸೂಚನೆಯ ವಿರುದ್ಧ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಬೀದಿಗಳಿಗೆ ಈ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಇಳಿದರು. ಎರಡನೆಯ ದಿನವೇ ಸರ್ಕಾರವು ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು. ನಾಡನ್ನೇ ನಡುಗಿಸಿದ ಆ ಎರಡು ದಿನಗಳ ಹಿಂದೆ ಇದ್ದುದು ಕೆಲಸ ಬಿಡುವ ಹಕ್ಕಿನೊಡನೆ ಹೆಣೆದುಕೊಂಡಿದ್ದ ಸಂಸಾರದ ಗಣಿತ. ಅದೇ ಹೆಣ್ಣುಮಗಳು ಮುಂದೆ ಇನ್ನೊಂದು ಕಾರ್ಖಾನೆಯ ಬಾಗಿಲಲ್ಲಿ 'ಪಿ.ಎಫ್. ದುಡ್ಡಿಗೋಸ್ಕರ ಬಿಟ್ಟೆ ಸಾರ್' ಎನ್ನಲಾರಳು. ಐದು ವರ್ಷ ತುಂಬದೆ ಬಿಟ್ಟುದರಿಂದ ಆಗ ಜಾರಿಯಲ್ಲಿದ್ದ 1972ರ ಕಾಯಿದೆಯ ಗ್ರಾಚ್ಯುಯಿಟಿಯನ್ನು ಕಳೆದುಕೊಂಡವಳು ತಾನೇ ಎಂಬುದನ್ನೂ ಹೇಳಲಾರಳು.

ಪಾವಗಡದಲ್ಲಿ ಸಂಗತಿಯು ಬೇರೊಂದು ರೂಪವನ್ನು ತಾಳಿದೆ. ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಗ್ರಾಮಗಳ ಸುಮಾರು 13,000 ಎಕರೆ ಜಮೀನನ್ನು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ತೊಡಗಿ ಏರುವ ಗುತ್ತಿಗೆಗೆ ಪಡೆದು ನಿರ್ಮಿಸಿದ 2,050 ಮೆಗಾವ್ಯಾಟ್ ಸೌರ ಪಾರ್ಕು ಜಮೀನಿದ್ದವರಿಗೆ ಬರಗಾಲದಲ್ಲಿಯೂ ತಪ್ಪದ ಆದಾಯವನ್ನು ತಂದಿತು. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ ಉಳಿದುದು ಕಂಟ್ರಾಕ್ಟರನ ಮೂಲಕ ದೊರೆಯುವ ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸಗಳು. ಕಂಟ್ರಾಕ್ಟ್ ಮುಗಿದಾಗ ಹೊರಗೆ ಬಂದ ತರುಣನು ಯಾರನ್ನೂ ಬಿಟ್ಟವನಲ್ಲ. ಅವನನ್ನೇ ಕೆಲಸ ಬಿಟ್ಟಿತು. 'ಏಕೆ ಬಿಟ್ಟಿರಿ?' ಎಂಬ ಪ್ರಶ್ನೆಯು ಅವನಿಗೆ ಸಲ್ಲದ ಕರ್ತೃತ್ವವನ್ನು ಆರೋಪಿಸುತ್ತದೆ. ಅವನು ಸಂಕೋಚವಿಲ್ಲದೆ 'ನಾನು ಬಿಟ್ಟಿಲ್ಲ, ಕಂಟ್ರಾಕ್ಟ್ ಮುಗೀತು' ಎಂದು ಮೊದಲ ವಾಕ್ಯದಲ್ಲಿಯೇ ಹೇಳಿಬಿಡುವುದು ಉಚಿತ.

ಅಭ್ಯರ್ಥಿಯು ಏನು ಹೇಳಬೇಕು? ಹಿಂದಿನ ಮಾಲೀಕನನ್ನು ಹಳಿಯದಿರುವುದು ಲೇಸೆಂಬ ರೂಢಿಯ ಉಪದೇಶವನ್ನು ನಾನೂ ಒಪ್ಪುತ್ತೇನೆ. ಸಭ್ಯತೆಯ ಜೊತೆಗೆ ಅದಕ್ಕೆ ಕಾರಣವೂ ಇದೆ. ಎದುರಿಗೆ ಕುಳಿತವನು ಆ ಕಥೆಯ ಎರಡನೆಯ ಪಕ್ಷವನ್ನು ಕೇಳಿಲ್ಲ, ಕೇಳಿ ತೀರ್ಮಾನಿಸುವ ಅಧಿಕಾರವೂ ಅವನಿಗಿಲ್ಲ. ಆದರೆ ಹಳಿಯದಿರುವುದೆಂದರೆ ಸುಳ್ಳು ಹೇಳುವುದಲ್ಲ. ವೇತನ ಸಾಲದೆ ಬಿಟ್ಟವನು 'ಹೆಚ್ಚಿನ ಜ್ಞಾನಾರ್ಜನೆಗಾಗಿ' ಎಂದು ಬಾಯಿಪಾಠದ ವಾಕ್ಯವನ್ನು ಒಪ್ಪಿಸಿದರೆ ಎರಡನೆಯ ಪ್ರಶ್ನೆಗೇ ತೊದಲುತ್ತಾನೆ. ಸೇರಿದ, ಬಿಟ್ಟ ದಿನಾಂಕಗಳು ಭವಿಷ್ಯನಿಧಿಯ ಖಾತೆಯಲ್ಲಿ ದಾಖಲಾಗಿರುವುದರಿಂದ ತಿಂಗಳುಗಳನ್ನು ಮರೆಮಾಚುವುದೂ ನಿಷ್ಫಲ. ಎರಡೇ ವಾಕ್ಯಗಳು ಸಾಕು: ನಡೆದುದು ಇದು, ಈಗ ಆ ಅಡ್ಡಿ ನಿವಾರಣೆಯಾಗಿದೆ, ಅಥವಾ ಇಲ್ಲಿ ಅದು ಅಡ್ಡಿಯಾಗದು. 'ಅಪ್ಪಾಜಿಗೆ ಆಪರೇಷನ್ ಆಗಿತ್ತು, ಆರು ತಿಂಗಳು ಮನೇಲಿ ಇರಬೇಕಾಯ್ತು. ಈಗ ತಮ್ಮ ನೋಡ್ಕೋತಾನೆ' ಎಂಬ ಮಾತಿಗೆ ಸಮರ್ಥನೆಯ ಗೌರವವಿದೆ. ಅದನ್ನು ನೆಪದ ದನಿಯಲ್ಲಿ ಹೇಳಬೇಕಾಗಿಲ್ಲ.

ಹೆಚ್ಚಿನ ಹೊಣೆ ಕೇಳುವವರದು. ಈ ತಾಲ್ಲೂಕುಗಳ ಐ.ಟಿ.ಐ. ಮತ್ತು ಪಾಲಿಟೆಕ್ನಿಕ್‌ಗಳಲ್ಲಿ ಕ್ಯಾಂಪಸ್ ಸಂದರ್ಶನಕ್ಕೆ ಬರುವ ಕಾರ್ಖಾನೆಯ ಅಧಿಕಾರಿಗಳು ತಿಳಿಯಬಯಸುವುದು ಅಭ್ಯರ್ಥಿಯ ಗತವನ್ನಲ್ಲ, ಅವನು ನಿಲ್ಲುವನೇ ಎಂಬುದನ್ನು. ಹಾಗಿದ್ದಲ್ಲಿ ಅದನ್ನೇ ನೇರವಾಗಿ ಕನ್ನಡದಲ್ಲಿ ಕೇಳಬಹುದು, ಪಾವಗಡದ ಗಡಿಯ ಹಳ್ಳಿಗಳಲ್ಲಾದರೆ ತೆಲುಗಿನಲ್ಲಿಯೂ ಕೇಳಬಹುದು: ರಾತ್ರಿ ಪಾಳಿ ಮುಗಿದ ಮೇಲೆ ಊರಿಗೆ ಬಸ್ಸುಂಟೇ, ಮನೆಯಲ್ಲಿ ಜಮೀನಿದೆಯೇ, ಕಡಲೆಕಾಯಿ ಬಿತ್ತನೆಗೂ ಕೀಳುವುದಕ್ಕೂ ಎಷ್ಟು ದಿನ ಬೇಕಾಗುತ್ತದೆ, ಮಗುವನ್ನು ನೋಡಿಕೊಳ್ಳುವವರು ಯಾರು. ಇವುಗಳಿಗೆ ಬರುವ ಉತ್ತರಗಳನ್ನು ಅರ್ಜಿಯನ್ನು ತಿರಸ್ಕರಿಸಲು ಬಳಸದೆ, ಆಷಾಢ ಮತ್ತು ಕಾರ್ತಿಕಗಳ ರಜೆಯ ಪಟ್ಟಿಯನ್ನೂ ಕಾರ್ಖಾನೆಯ ಬಸ್ಸಿನ ವೇಳೆಯನ್ನೂ ಗೊತ್ತುಪಡಿಸಲು ಬಳಸಿದ ಕಾರ್ಖಾನೆಗೆ, ಕೆಲಸ ಏಕೆ ಬಿಟ್ಟೆ ಎಂದು ಮುಂದಿನ ವರ್ಷ ಕೇಳಬೇಕಾದ ಸಂದರ್ಭಗಳೇ ಕಡಮೆಯಾದಾವು.